57 ವರ್ಷದ ಎರಡು ಕಟ್ಟಡಗಳು

ಪ್ರಥಮ ಪಿಯುಸಿಯಲ್ಲಿ ಸವಕಳಿಯ ಪಾಠ ಮಾಡುವಾಗ ನಮ್ಮ ಲೆಕ್ಕಶಾಸ್ತ್ರದ ಸರ್ ಒಂದು ಮಾತು ಹೇಳಿದ್ದರು. "ಯಂತ್ರದ ಬೆಲೆ ಪುಸ್ತಕದಲ್ಲಿ ಸೊನ್ನೆಗೆ ಬಂದ ಮಾತ್ರಕ್ಕೆ ಯಂತ್ರ ನಿಂತುಹೋಗುವುದಿಲ್ಲ. ಕಾರ್ಖಾನೆಗೆ ಹೋಗಿ ನೋಡಿ, ಅದು ಓಡುತ್ತಲೇ ಇರುತ್ತದೆ." ಆಗ ನಾವೆಲ್ಲ ನಕ್ಕೆವು. ಪರೀಕ್ಷೆಗೆ ಬೇಕಾದದ್ದು ಸೂತ್ರ ಮಾತ್ರ: ಕೊಂಡ ಬೆಲೆಯಿಂದ ಗುಜರಿ ಬೆಲೆ ಕಳೆ, ಬಾಳಿಕೆಯ ವರ್ಷಗಳಿಂದ ಭಾಗಿಸು, ಮುಗಿಯಿತು.

ಆ ಮಾತು ನನಗೆ ಮತ್ತೆ ನೆನಪಾದದ್ದು ಈ ವರ್ಷದ ರಜೆಯಲ್ಲಿ. ನನ್ನ ದಾದಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೆಂಟ್ರಿಂಗ್ ಕೆಲಸ ಮಾಡಿದವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಂಕ್ರೀಟ್ ಹಾಕುವ ಮೊದಲು ಸರ್ವೆ ಕಂಬ ನಿಲ್ಲಿಸಿ, ಹಲಗೆ ಜೋಡಿಸಿ, ಅಚ್ಚು ಕಟ್ಟುತ್ತಾರಲ್ಲ, ಅದೇ ಸೆಂಟ್ರಿಂಗ್. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅಚ್ಚನ್ನು ಬಿಚ್ಚಿ ಒಯ್ಯುತ್ತಾರೆ. ಕಟ್ಟಡ ಉಳಿಯುತ್ತದೆ, ಅಚ್ಚು ಕಟ್ಟಿದವನ ಗುರುತು ಉಳಿಯುವುದಿಲ್ಲ. ಒಂದು ದಿನ ನಾನು ಮೊಬೈಲಿನಲ್ಲಿ ಟೋಕಿಯೊ ನಗರದ ಯೊಯೊಗಿ ಕ್ರೀಡಾಂಗಣದ ಚಿತ್ರ ತೋರಿಸಿದೆ. ಎರಡು ದೊಡ್ಡ ಕಾಂಕ್ರೀಟ್ ಕಂಬಗಳು, ಅವುಗಳ ನಡುವೆ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ಇಳಿಬಿದ್ದ ಚಾವಣಿ. ದಾದಾ ಕನ್ನಡಕ ಸರಿಮಾಡಿಕೊಂಡು, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದರು. ಕಟ್ಟಿಸಿದವರು ಯಾರು ಎಂದು ಕೇಳಲಿಲ್ಲ. "ಇದರ ಸೆಂಟ್ರಿಂಗ್ ಯಾರು ಮಾಡಿದ್ದು ಬೇಟಾ?" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದೆ. ವಾಸ್ತುಶಿಲ್ಪಿಯ ಹೆಸರು ಸಿಕ್ಕಿತು, ಎಂಜಿನಿಯರ್ ಹೆಸರೂ ಸಿಕ್ಕಿತು. ಸೆಂಟ್ರಿಂಗ್ ಮಾಡಿದವರ ಹೆಸರು ಸಿಗಲಿಲ್ಲ. ಆದರೆ ಹುಡುಕುತ್ತಾ ಬೇರೊಂದು ವಿಷಯ ಸಿಕ್ಕಿತು. ಒಂದೇ ನಗರ, ಒಂದೇ ಒಲಿಂಪಿಕ್ಸ್, ಸುಮಾರು ಎರಡು ಕಿಲೋಮೀಟರ್ ಅಂತರದಲ್ಲಿ ಎರಡು ಕ್ರೀಡಾಂಗಣ. ಒಂದನ್ನು 57ನೇ ವರ್ಷದಲ್ಲಿ ಕೆಡವಿದರು. ಇನ್ನೊಂದರಲ್ಲಿ 57ನೇ ವರ್ಷದಲ್ಲಿ ಒಲಿಂಪಿಕ್ಸ್ ಆಡಿದರು. ಯಾಕೆ ಹೀಗಾಯಿತು, ಇದರಿಂದ ನಮ್ಮ ದೇಶ ಏನು ಕಲಿಯಬೇಕು ಎಂಬುದೇ ಈ ಲೇಖನ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ನಮ್ಮ ಅಹಮದಾಬಾದ್‌ನಲ್ಲಿ ನಡೆಯಲಿದೆ. ಆ ಊರಿನಲ್ಲೂ ಒಂದು ಹಳೆಯ ಕಾಂಕ್ರೀಟ್ ಕ್ರೀಡಾಂಗಣವಿದೆ. ಆದ್ದರಿಂದ ಇದು ಜಪಾನಿನ ಕಥೆ ಮಾತ್ರ ಅಲ್ಲ.

ಮೊದಲು ಕೆಡವಿದ ಕಟ್ಟಡದ ಕಥೆ.

ಟೋಕಿಯೊದ ಹಳೆಯ ರಾಷ್ಟ್ರೀಯ ಕ್ರೀಡಾಂಗಣ ತೆರೆದದ್ದು 1958ರಲ್ಲಿ. ಆ ವರ್ಷ ಅಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಮಿಲ್ಖಾ ಸಿಂಗ್ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಅವರು 400 ಮೀಟರ್ ಚಿನ್ನ ಗೆದ್ದದ್ದು ಆ ಓಟದ ಹಾದಿಯಲ್ಲೇ. 200 ಮೀಟರ್‌ನಲ್ಲಿ ಪಾಕಿಸ್ತಾನದ ಅಬ್ದುಲ್ ಖಾಲಿಕ್ ಅವರನ್ನು ಕೂದಲೆಳೆಯ ಅಂತರದಲ್ಲಿ ಹಿಂದೆ ಹಾಕಿದ್ದೂ ಅಲ್ಲೇ. ಖಾಲಿಕ್ ಆ ಕೂಟದಲ್ಲಿ 100 ಮೀಟರ್ ಗೆದ್ದಿದ್ದ ಓಟಗಾರ. 1964ರಲ್ಲಿ ಏಷ್ಯಾ ಖಂಡದ ಮೊದಲ ಒಲಿಂಪಿಕ್ಸ್ ಟೋಕಿಯೊದಲ್ಲಿ ನಡೆದಾಗ ಉದ್ಘಾಟನೆ ಆದದ್ದೂ ಇದೇ ಕ್ರೀಡಾಂಗಣದಲ್ಲಿ. ಅಲ್ಲಿ ನಮ್ಮ ಗುರುಬಚನ್ ಸಿಂಗ್ ರಾಂಧವಾ 110 ಮೀಟರ್ ಹರ್ಡಲ್ಸ್‌ನಲ್ಲಿ ಐದನೆಯವರಾದರು.

2012ರಲ್ಲಿ ಇದರ ಜಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಸ್ಪರ್ಧೆ ನಡೆಸಿ ಝಹಾ ಹದೀದ್ ಅವರ ವಿನ್ಯಾಸ ಆರಿಸಿದರು. ಬಗ್ದಾದಿನಲ್ಲಿ ಹುಟ್ಟಿ, ಲಂಡನ್‌ನಲ್ಲಿ ಕೆಲಸ ಮಾಡಿ, ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕೇಳಿದ್ದನ್ನು ಅವರು ಬರೆದುಕೊಟ್ಟರು. ಕೇಳಿದವರ ಲೆಕ್ಕವೇ ಸರಿಯಿರಲಿಲ್ಲ. ಮೊದಲು 13,000 ಕೋಟಿ ಯೆನ್ ಎಂದಿದ್ದ ಅಂದಾಜು 2015ರ ಹೊತ್ತಿಗೆ 25,200 ಕೋಟಿ ಯೆನ್ ಆಯಿತು. ನಮ್ಮ ಮನೆಗಳಲ್ಲಿ ಮದುವೆ ಖರ್ಚು ಏರುವುದು ನೋಡಿದ್ದೇವೆ, ಆದರೆ ಹೀಗೆ ಎರಡು ಪಟ್ಟು ಹತ್ತಿರ ಏರಿದರೆ ಯಾರೂ ಸುಮ್ಮನಿರುವುದಿಲ್ಲ.

ಜಪಾನಿನ ವಾಸ್ತುಶಿಲ್ಪಿಗಳೂ ಸುಮ್ಮನಿರಲಿಲ್ಲ. ಫುಮಿಹಿಕೊ ಮಾಕಿ ಎಂಬ ಹಿರಿಯರು 2013ರಲ್ಲೇ, ಈ ಯೋಜನೆ ಆ ಜಾಗಕ್ಕೆ ತೀರಾ ದೊಡ್ಡದು ಎಂದು ಬರೆದು ಚರ್ಚೆ ಎಬ್ಬಿಸಿದರು. ತೊಯೊ ಇಟೊ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೆಯದನ್ನೇ ದುರಸ್ತಿ ಮಾಡಿ ವಿಸ್ತರಿಸಬಹುದು ಎಂದು ತಮ್ಮದೇ ನಕ್ಷೆ ಮುಂದಿಟ್ಟರು. ಇಬ್ಬರೂ ಪ್ರಿಟ್ಜ್‌ಕರ್ ಪಡೆದವರು. ಬೀದಿಯಲ್ಲಿ ನಿಂತು ಹೊಸದೆಲ್ಲ ಬೇಡ ಎನ್ನುವವರಲ್ಲ. ಆದರೂ ಯಾರೂ ಕೇಳಲಿಲ್ಲ. 2015ರ ಮೊದಲ ತಿಂಗಳುಗಳಲ್ಲಿ ಹಳೆಯ ಕ್ರೀಡಾಂಗಣ ಕೆಡವಿಹಾಕಿದರು. ಮೇ ತಿಂಗಳ ಹೊತ್ತಿಗೆ ಅಲ್ಲಿ ಉಳಿದದ್ದು ನೆಲ ಮಾತ್ರ.

ಮುಂದೆ ಏನಾಯಿತು ನೋಡಿ. ಜುಲೈ 17ರಂದು ಪ್ರಧಾನಿ ಶಿಂಜೊ ಅಬೆ ಹೊಸ ಯೋಜನೆಯನ್ನೇ ರದ್ದು ಮಾಡಿದರು. ಖರ್ಚು ಹೆಚ್ಚಾಯಿತು, ಮೊದಲಿನಿಂದ ಶುರು ಮಾಡೋಣ ಎಂದರು. ಅಂದರೆ ಹಳೆಯದು ಹೋಗಿ ಎರಡು ತಿಂಗಳಲ್ಲಿ ಹೊಸದೂ ಇಲ್ಲ. ಈ ಜಾಗದಲ್ಲಿ ನಡೆಯಬೇಕಿದ್ದ 2019ರ ರಗ್ಬಿ ವಿಶ್ವಕಪ್ ಫೈನಲ್ ಯೊಕೊಹಾಮಾಗೆ ಹೋಯಿತು. ಕೆಂಗೊ ಕುಮಾ ಅವರ ಹೊಸ ವಿನ್ಯಾಸ ಆರಿಸಿ, 2016ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರು. ಅಲ್ಲಿಯವರೆಗೆ ಒಂದೂವರೆ ವರ್ಷ ನಗರದ ನಡುವಿನ ಆ ಜಾಗ ಖಾಲಿ ಬಿದ್ದಿತ್ತು. ದುರಸ್ತಿ ಆಗುತ್ತಿತ್ತೋ ಇಲ್ಲವೋ ಎಂದು ಕೂತು ಲೆಕ್ಕ ಹಾಕಲು ಒಂದೂವರೆ ವರ್ಷ ಬೇಕಾದಷ್ಟಾಯಿತು. ಆದರೆ ದುರಸ್ತಿ ಮಾಡಲು ಆಗ ಕಟ್ಟಡವೇ ಇರಲಿಲ್ಲ.

ಇದರ ಜೊತೆ ಇನ್ನೊಂದು ಸಂಗತಿ. ಕ್ರೀಡಾಂಗಣದ ಪಕ್ಕದಲ್ಲಿ ಕಸುಮಿಗಓಕಾ ಎಂಬ ಸರ್ಕಾರಿ ವಸತಿ ಸಮುಚ್ಚಯವಿತ್ತು. 1964ರ ಒಲಿಂಪಿಕ್ಸ್ ಕಾಲದ ಕಟ್ಟಡಗಳು. ಅಲ್ಲಿದ್ದವರಲ್ಲಿ ಬಹಳ ಮಂದಿ ವಯಸ್ಸಾದವರು. ಹೊಸ ಯೋಜನೆಗಾಗಿ ಅವರನ್ನೂ ಎಬ್ಬಿಸಿದರು, ಮನೆಗಳನ್ನೂ ಕೆಡವಿದರು. ಅವರಲ್ಲಿ ಕೆಲವರನ್ನು 1964ರಲ್ಲೂ ಒಲಿಂಪಿಕ್ಸ್‌ಗಾಗಿಯೇ ಹಿಂದಿನ ಮನೆಯಿಂದ ಎಬ್ಬಿಸಿದ್ದರಂತೆ. ಒಂದು ಜನ್ಮದಲ್ಲಿ ಎರಡು ಸಲ! ನಮ್ಮ ಆಯವ್ಯಯ ಪಟ್ಟಿಯಲ್ಲಿ ಇದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕು? ಯಾವ ಪಠ್ಯಪುಸ್ತಕದಲ್ಲೂ ನನಗೆ ಉತ್ತರ ಸಿಕ್ಕಿಲ್ಲ.

ಈಗ ಉಳಿದ ಕಟ್ಟಡದ ಕಥೆ, ಅಂದರೆ ದಾದಾ ನೋಡಿದ ಯೊಯೊಗಿ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಆ ಜಾಗದಲ್ಲಿ ಅಮೆರಿಕದ ಸೈನಿಕ ಕುಟುಂಬಗಳ ಬಡಾವಣೆ ಇತ್ತು. ವಾಷಿಂಗ್ಟನ್ ಹೈಟ್ಸ್ ಎಂದು ಅದರ ಹೆಸರು. ಒಲಿಂಪಿಕ್ಸ್‌ಗಾಗಿ ಆ ಜಾಗ ಜಪಾನಿಗೆ ವಾಪಸ್ ಬಂತು. ಅಲ್ಲಿ ಕೆಂಜೊ ತಾಂಗೆ ಎಂಬ ವಾಸ್ತುಶಿಲ್ಪಿ ಯೊಶಿಕಾತ್ಸು ತ್ಸುಬೊಯಿ ಎಂಬ ಎಂಜಿನಿಯರ್ ಜೊತೆ ಸೇರಿ ಈಜು ಸ್ಪರ್ಧೆಗಾಗಿ ಒಂದು ಕ್ರೀಡಾಂಗಣ ಕಟ್ಟಿದರು. ಎರಡು ಕಾಂಕ್ರೀಟ್ ಕಂಬಗಳ ನಡುವಿನ ಅಂತರ 126 ಮೀಟರ್. ಅವುಗಳ ನಡುವೆ ದಪ್ಪನೆಯ ಉಕ್ಕಿನ ಹಗ್ಗಗಳು. ಆ ಹಗ್ಗಗಳಿಂದ ಇಡೀ ಚಾವಣಿ ತೂಗುತ್ತದೆ. ಒಳಗೆ ಒಂದೂ ಕಂಬವಿಲ್ಲ. ನಮ್ಮ ಊರ ಕಡೆಯ ತೂಗುಸೇತುವೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ವರ್ಷಕ್ಕೂ ಕಡಿಮೆ ಸಮಯದಲ್ಲಿ, ಒಲಿಂಪಿಕ್ಸ್ ಶುರುವಾಗುವ ಸ್ವಲ್ಪ ಮೊದಲು ಅದನ್ನು ಮುಗಿಸಿದರು.

1964ರ ನಂತರ ಆ ಕಟ್ಟಡ ಸುಮ್ಮನೆ ಕೂರಲಿಲ್ಲ. ಈಜುಕೊಳದ ಮೇಲೆ ನೆಲ ಹಾಸಿ ಬೇರೆ ಬೇರೆ ಆಟ ಆಡಿದರು. ಚಳಿಗಾಲದಲ್ಲಿ ಅದನ್ನೇ ಮಂಜಿನ ಮೇಲೆ ಜಾರುವ ಅಂಗಳ ಮಾಡಿದರು. ಸಂಗೀತ ಕಾರ್ಯಕ್ರಮ ನಡೆಸಿದರು. ಎರಡನೇ ಒಲಿಂಪಿಕ್ಸ್ ಬಂದಾಗ ಅದನ್ನು 2017ರಿಂದ 2019ರವರೆಗೆ ಮುಚ್ಚಿ, ಭೂಕಂಪ ತಡೆಯುವಂತೆ ಬಲಪಡಿಸಿದರು. ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಮಾಡಿದರು. 2021ರಲ್ಲಿ ಅಲ್ಲಿ ಹ್ಯಾಂಡ್‌ಬಾಲ್ ಆಡಿದರು, ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಮತ್ತು ಗಾಲಿಕುರ್ಚಿ ರಗ್ಬಿ ಆಡಿದರು. ಅದೇ ವರ್ಷ ಜಪಾನ್ ಸರ್ಕಾರ ಆ ಕಟ್ಟಡವನ್ನು ದೇಶದ ಪ್ರಮುಖ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಸವಕಳಿ ಪಟ್ಟಿಯಲ್ಲಿ 57 ವರ್ಷದ ಹಳೆಯ ಕಟ್ಟಡ. ನೆಲದ ಮೇಲೆ ಒಲಿಂಪಿಕ್ಸ್ ನಡೆಯುತ್ತಿರುವ ಕಟ್ಟಡ. ನಮ್ಮ ಸರ್ ಹೇಳಿದ ಯಂತ್ರದ ಹಾಗೆಯೇ.

ಇಲ್ಲಿ ಯಾರಾದರೂ ನನ್ನನ್ನು ತಡೆದು ಕೇಳಬಹುದು: "ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವೇ? ಒಂದು ಕಲಾಕೃತಿ, ಇನ್ನೊಂದು ಸಾಮಾನ್ಯ ಕಟ್ಟಡ. ಹಳೆಯದರಲ್ಲಿ ಸೀಟೂ ಸಾಲುತ್ತಿರಲಿಲ್ಲ." ಒಪ್ಪುತ್ತೇನೆ, ಇದರಲ್ಲಿ ನಿಜವಿದೆ. ಯೊಯೊಗಿ ಕಟ್ಟಿದ ತಾಂಗೆ ವಿಶ್ವಪ್ರಸಿದ್ಧರು. ಹಳೆಯ ರಾಷ್ಟ್ರೀಯ ಕ್ರೀಡಾಂಗಣದ ಚಿತ್ರವನ್ನು ನೋಡಿ ದಾದಾ ಸೆಂಟ್ರಿಂಗ್ ಬಗ್ಗೆ ಕೇಳುತ್ತಿರಲಿಲ್ಲವೇನೋ. ಇನ್ನೂ ಒಂದು ಮಾತನ್ನು ನಾನೇ ನನ್ನ ವಿರುದ್ಧ ಹೇಳಿಬಿಡುತ್ತೇನೆ. 2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದು ಭಾರತಕ್ಕೆ ಅಥ್ಲೆಟಿಕ್ಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದದ್ದು ಆ ಹೊಸ ಕ್ರೀಡಾಂಗಣದಲ್ಲೇ. ಮಿಲ್ಖಾ ಓಡಿದ ಜಾಗ, ನೀರಜ್ ಎಸೆದ ಜಾಗ ಒಂದೇ. ಆ ದಿನ ನಮ್ಮ ಗಲ್ಲಿಯಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಕಟ್ಟಡ ಹೊಸದಾದರೆ ಚಿನ್ನದ ತೂಕ ಕಡಿಮೆಯಾಗುವುದಿಲ್ಲ.

ಆದರೂ ನನ್ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹೊಸದು ಕೆಟ್ಟದು ಎಂದು ನಾನು ಹೇಳುತ್ತಿಲ್ಲ. ಕುಮಾ ಅವರ ಕ್ರೀಡಾಂಗಣದ ಸೂರಿಗೆ ಜಪಾನಿನ 47 ಪ್ರಾಂತ್ಯಗಳಿಂದಲೂ ಮರ ತಂದು ಜೋಡಿಸಿದ್ದಾರೆ, ಅದು ಚೆನ್ನಾಗಿಯೇ ಇದೆ. ನನ್ನ ದೂರು ಕ್ರಮದ ಬಗ್ಗೆ. ಯೊಯೊಗಿಯಲ್ಲಿ ಮೊದಲು ನೋಡಿದರು, ಆಮೇಲೆ ನಿರ್ಧರಿಸಿದರು. ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಮೊದಲು ನಿರ್ಧರಿಸಿದರು, ಆಮೇಲೆ ಕೆಡವಿದರು, ಎಲ್ಲ ಮುಗಿದ ಮೇಲೆ ಲೆಕ್ಕ ನೋಡಿದರು. ಸುಮಾರು 15,700 ಕೋಟಿ ಯೆನ್ ಖರ್ಚು ಮಾಡಿ, ಸುಮಾರು 68,000 ಸೀಟುಗಳ ಕ್ರೀಡಾಂಗಣ ಕಟ್ಟಿದರು. ಕೊರೊನಾ ಬಂದು, ಒಲಿಂಪಿಕ್ಸ್ ದಿನ ಅಷ್ಟೂ ಸೀಟು ಖಾಲಿ ಇತ್ತು. ಕೊರೊನಾ ಯಾರ ತಪ್ಪೂ ಅಲ್ಲ, ಅದನ್ನು ಯಾರೂ ಮೊದಲೇ ಕಾಣಲಾರರು. ಆದರೆ ದೊಡ್ಡ ಕೂಟದ ಎರಡು ವಾರಕ್ಕೆಂದೇ ಕಟ್ಟಿದ್ದು ಎರಡು ವಾರದ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದನ್ನು ಆ ಖಾಲಿ ಸೀಟುಗಳು ತೋರಿಸಿಕೊಟ್ಟವು.

ಭೂಕಂಪದ ಮಾತೂ ಇದೆ. ಹಳೆಯ ಕಟ್ಟಡ ಅಪಾಯ, ಜನರ ಜೀವ ಮುಖ್ಯ. ಇದಕ್ಕೆ ಎದುರು ಮಾತಿಲ್ಲ. ಆದರೆ ಭೂಕಂಪ ಎರಡು ಕಿಲೋಮೀಟರ್ ಆಚೆಗೆ ಬೇರೆ, ಈಚೆಗೆ ಬೇರೆ ಆಗುವುದಿಲ್ಲ. ಯೊಯೊಗಿಯನ್ನು ಬಲಪಡಿಸಲು ಸಾಧ್ಯವಾಯಿತು ಎಂದರೆ, "ಹಳೆಯದು, ಅಪಾಯ" ಎಂಬ ಎರಡು ಪದವೇ ತೀರ್ಪಾಗಬಾರದು. ಪರೀಕ್ಷೆ ಮಾಡಿ, ವರದಿ ಹೊರಗೆ ಹಾಕಿ, ಆಮೇಲೆ ಹೇಳಬೇಕು. ವೈದ್ಯರು ಕೂಡ ಎಕ್ಸ್‌ರೇ ನೋಡದೆ ಕಾಲು ಕತ್ತರಿಸುವುದಿಲ್ಲ.

ಉಳಿಸುವುದು ಅಥವಾ ಕೆಡವುವುದು, ಎರಡೇ ದಾರಿ ಎಂದೇನೂ ಇಲ್ಲ. ಜರ್ಮನಿಯ ಮ್ಯೂನಿಕ್ ನಗರ ಮೂರನೇ ದಾರಿ ತೋರಿಸಿದೆ. ಅಲ್ಲಿ 1972ರ ಒಲಿಂಪಿಕ್ಸ್‌ಗಾಗಿ ಗುಂಟರ್ ಬೆನಿಶ್ ಮತ್ತು ಫ್ರೈ ಒಟ್ಟೊ ಸೇರಿ ಡೇರೆಯಂತೆ ಕಾಣುವ, ಬೆಳಕು ಹಾಯುವ ಚಾವಣಿ ಕಟ್ಟಿದ್ದರು. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಗೆ ಬಂದಾಗ, ಆ ಕ್ರೀಡಾಂಗಣವನ್ನೇ ಫುಟ್‌ಬಾಲ್‌ಗೆ ತಕ್ಕಂತೆ ಕತ್ತರಿಸಿ ಕಟ್ಟೋಣ ಎಂಬ ಮಾತು ಬಹಳ ದಿನ ನಡೆಯಿತು. ಕೊನೆಗೆ ಬೇರೆ ಕಡೆ, ಊರಿನ ಹೊರವಲಯದಲ್ಲಿ, ಫುಟ್‌ಬಾಲ್‌ಗೆಂದೇ ಹೊಸ ಕ್ರೀಡಾಂಗಣ ಕಟ್ಟುವುದೇ ಎಂದು 2001ರ ಅಕ್ಟೋಬರ್‌ನಲ್ಲಿ ನಗರದ ಜನರನ್ನೇ ಮತ ಹಾಕಲು ಕರೆದರು. ಸುಮಾರು ಮೂರನೇ ಎರಡು ಭಾಗ ಜನ ಹೌದು ಎಂದರು. ವಿಶ್ವಕಪ್‌ನ ಮೊದಲ ಪಂದ್ಯ ಹೊಸದರಲ್ಲಿ ನಡೆಯಿತು, ಹಳೆಯದು ಹಾಗೆಯೇ ಉಳಿಯಿತು. 2022ರಲ್ಲಿ ಯುರೋಪಿಯನ್ ಅಥ್ಲೆಟಿಕ್ಸ್ ನಡೆದಾಗ 50 ವರ್ಷದ ಆ ಹಳೆಯ ಕ್ರೀಡಾಂಗಣವೇ ಮತ್ತೆ ಕೆಲಸಕ್ಕೆ ಬಂತು. ನನಗೆ ಇದರಲ್ಲಿ ಇಷ್ಟವಾದದ್ದು ಚಾವಣಿಗಿಂತ ಮತದಾನ. ಊರಿನ ಆಸ್ತಿಯ ಬಗ್ಗೆ ಊರನ್ನೇ ಕೇಳಿದರು.

ಈಗ ನಮ್ಮ ದೇಶಕ್ಕೆ ಬರೋಣ. ಮೊದಲು ಒಂದು ಕಹಿ ನೆನಪು. ಇದು ಕ್ರೀಡಾಕೂಟದ ಕಥೆಯಲ್ಲ, ಆದರೆ ಪಾಠ ಅದೇ. ದೆಹಲಿಯ ಪ್ರಗತಿ ಮೈದಾನದಲ್ಲಿ ಹಾಲ್ ಆಫ್ ನೇಶನ್ಸ್ ಎಂಬ ವಸ್ತುಪ್ರದರ್ಶನ ಭವನವಿತ್ತು. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ, 1972ರಲ್ಲಿ, ರಾಜ್ ರೇವಾಲ್ ವಿನ್ಯಾಸ ಮಾಡಿ, ಮಹೇಂದ್ರ ರಾಜ್ ಎಂಜಿನಿಯರ್ ಆಗಿ ಕಟ್ಟಿದ್ದು. ಬೇರೆ ದೇಶಗಳಲ್ಲಿ ಅಂಥ ತ್ರಿಕೋನ ಜಾಲದ ಕಟ್ಟಡವನ್ನು ಉಕ್ಕಿನಲ್ಲಿ ಕಟ್ಟುತ್ತಿದ್ದರು. ನಮ್ಮಲ್ಲಿ ಆಗ ಉಕ್ಕು ದುಬಾರಿ, ದುಡಿಯುವ ಕೈ ಬೇಕಾದಷ್ಟು. ಆದ್ದರಿಂದ ಅದನ್ನು ಕಾಂಕ್ರೀಟಿನಲ್ಲೇ, ಅಲ್ಲೇ ಅಚ್ಚು ಕಟ್ಟಿ ಹೊಯ್ದು, ಕೈಯಿಂದ ಕಟ್ಟಿದರು. ಅಷ್ಟು ದೊಡ್ಡ ಕಾಂಕ್ರೀಟ್ ಜಾಲ ಆಗ ಜಗತ್ತಿನಲ್ಲೇ ಬೇರೆ ಇರಲಿಲ್ಲ. ಬಡ ದೇಶ ತನ್ನ ಬಡತನವನ್ನೇ ಜಾಣತನ ಮಾಡಿಕೊಂಡ ಕಟ್ಟಡ ಅದು.

2017ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಅದನ್ನು ಕೆಡವಿದರು. ಆಗ ಅದಕ್ಕೆ 45 ವರ್ಷ. ದೇಶ ವಿದೇಶದ ವಾಸ್ತುಶಿಲ್ಪಿಗಳು ಬೇಡ ಎಂದು ಪತ್ರ ಬರೆದಿದ್ದರು, ನ್ಯಾಯಾಲಯಕ್ಕೂ ಹೋಗಿದ್ದರು. ಪಾರಂಪರಿಕ ಕಟ್ಟಡಗಳ ಸಮಿತಿಯ ಉತ್ತರವೇನೆಂದರೆ, 60 ವರ್ಷ ಆಗದ ಕಟ್ಟಡವನ್ನು ಪರಂಪರೆ ಎಂದು ಪರಿಗಣಿಸುವುದಿಲ್ಲ. ಇದನ್ನು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 45 ವರ್ಷದಲ್ಲಿ "ಇನ್ನೂ ಹಳೆಯದಲ್ಲ, ಉಳಿಸಲಾಗದು" ಎನ್ನುತ್ತಾರೆ. 60 ದಾಟಿದ ಮೇಲೆ "ತೀರಾ ಹಳೆಯದು, ಅಪಾಯ" ಎನ್ನುತ್ತಾರೆ. ಹಾಗಾದರೆ ನಮ್ಮ ದೇಶ ಸ್ವತಂತ್ರವಾದ ಮೇಲೆ ಕಟ್ಟಿದ ಕಟ್ಟಡ ಯಾವ ದಿನ ಉಳಿಯಲು ಯೋಗ್ಯವಾಗುತ್ತದೆ? ರಾಜರು ಕಟ್ಟಿದ್ದಕ್ಕೆ ಕಾವಲುಗಾರರಿದ್ದಾರೆ. ಬ್ರಿಟಿಷರು ಕಟ್ಟಿದ್ದಕ್ಕೂ ಫಲಕವಿದೆ. ನಾವೇ ಕಟ್ಟಿಕೊಂಡದ್ದಕ್ಕೆ ಮಾತ್ರ ಯಾರೂ ಇಲ್ಲ.

ಇನ್ನು ಅಹಮದಾಬಾದ್. ಅಲ್ಲಿ ನವರಂಗಪುರದಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣವಿದೆ. ಟಿವಿಯಲ್ಲಿ ಐಪಿಎಲ್ ನೋಡುವಾಗ ಕಾಣುವ ಮೊಟೆರಾದ ದೊಡ್ಡ ಕ್ರೀಡಾಂಗಣ ಇದಲ್ಲ, ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ. ಮೊಟೆರಾದಲ್ಲಿ 1980ರ ದಶಕದ ಹಳೆಯದನ್ನು ಕೆಡವಿ, 1,32,000 ಜನ ಕೂರುವ ಹೊಸದನ್ನು 2020ರಲ್ಲಿ ತೆರೆದಿದ್ದಾರೆ. ನಾನು ಹೇಳುತ್ತಿರುವುದು ನಗರಪಾಲಿಕೆಯ ಹಳೆಯ ಕ್ರೀಡಾಂಗಣದ ಬಗ್ಗೆ. 1960ರ ದಶಕದಲ್ಲಿ ಅದನ್ನು ವಿನ್ಯಾಸ ಮಾಡಿದವರು ಚಾರ್ಲ್ಸ್ ಕೊರಿಯಾ. ಎಂಜಿನಿಯರ್ ಮತ್ತೆ ಅದೇ ಮಹೇಂದ್ರ ರಾಜ್. ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಿಚಿದರೆ ಗಟ್ಟಿಯಾಗುತ್ತದಲ್ಲ, ಹಾಗೆ ಕಾಂಕ್ರೀಟನ್ನು ಮಡಿಚಿ, ಪ್ರೇಕ್ಷಕರ ತಲೆಯ ಮೇಲೆ ಮುಂದಕ್ಕೆ ಚಾಚಿದ್ದಾರೆ. ಮುಂದೆ ಕಂಬವಿಲ್ಲದ ಕಾರಣ ಯಾರಿಗೂ ಆಟ ಮರೆಯಾಗುವುದಿಲ್ಲ. ಬಣ್ಣವಿಲ್ಲ, ಅಲಂಕಾರವಿಲ್ಲ. ಕಟ್ಟಡವನ್ನು ಎತ್ತಿ ಹಿಡಿದದ್ದೇ ಕಟ್ಟಡದ ಚೆಲುವು. ಆಧುನಿಕ ವಾಸ್ತುಶಿಲ್ಪ ಎಂದರೆ ಹೆಚ್ಚು ಕಡಿಮೆ ಇದೇ. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ವಿಷಯ: ಭಾರತದ ನೆಲದಲ್ಲಿ ನಡೆದ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ, 1981ರ ನವೆಂಬರ್ 25ರಂದು ಇಂಗ್ಲೆಂಡ್ ವಿರುದ್ಧ, ಇದೇ ಅಂಗಳದಲ್ಲಿ ನಡೆಯಿತು.

ಕಾಮನ್‌ವೆಲ್ತ್ ಕ್ರೀಡಾಕೂಟ ಬರುವ ಹೊತ್ತಿಗೆ ಈ ಕ್ರೀಡಾಂಗಣಕ್ಕೂ 60 ದಾಟಿರುತ್ತದೆ. ಕೂಟಕ್ಕಾಗಿ ನಗರ ತುಂಬಾ ರಸ್ತೆ, ಹೋಟೆಲ್, ಅಂಗಣ ಎಂದು ಕೆಲಸ ನಡೆಯುತ್ತದೆ. ಹೀಗೆ ದಿನಾಂಕ ಮುಂದಿಟ್ಟುಕೊಂಡು ಓಡುವಾಗ ಹಳೆಯದನ್ನು ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಟೋಕಿಯೊದಲ್ಲಿ ಆದದ್ದೂ ಅದೇ. ನೋಡಬೇಕಾದದ್ದು ಈಗ, ಸಮಯ ಇರುವಾಗಲೇ. ಆ ಅಂಗಳದಲ್ಲಿ ಯಾವ ಆಟ ನಡೆಸಬಹುದು, ಅಭ್ಯಾಸಕ್ಕಾದರೂ ಬಳಸಬಹುದೇ, ಕಾಂಕ್ರೀಟ್ ಎಲ್ಲಿ ದುರ್ಬಲ, ಎಲ್ಲಿ ಗಟ್ಟಿ ಎಂದು ಈಗಲೇ ಪರೀಕ್ಷಿಸಬೇಕು. ಕೂಟದಲ್ಲಿ ಅದಕ್ಕೂ ಒಂದು ಕೆಲಸ ಕೊಟ್ಟರೆ ದುರಸ್ತಿಗೆ ಹಣ ತಾನಾಗಿ ಬರುತ್ತದೆ. ಯೊಯೊಗಿಗೆ ಬಂದದ್ದು ಹಾಗೆಯೇ.

"ಇಷ್ಟೆಲ್ಲ ಹಣ ಹಳೆಯ ಕಾಂಕ್ರೀಟಿಗೆ ಯಾಕೆ, ಬಡವರಿಗೆ ಮನೆ ಕಟ್ಟಿಸಬಾರದೇ?" ಎಂದು ನನ್ನ ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ, ನನ್ನ ಮನಸ್ಸಿಗೂ ಹತ್ತಿರದ ಪ್ರಶ್ನೆ. ಆದರೆ ಕಸುಮಿಗಓಕಾದ ಮುದುಕರನ್ನು ನೆನಪಿಸಿಕೊಳ್ಳಿ. ಕೆಡವುವ ಯೋಜನೆಯಲ್ಲೇ ಬಡವರ ಮನೆ ಹೋಯಿತು. ಕೆಡವಿದಾಗ ಉಳಿಯುವ ಹಣ ಬಡವರ ಮನೆಗೆ ಹೋಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಸಾಮಾನ್ಯವಾಗಿ ಅದು ಇನ್ನೂ ದೊಡ್ಡ ಕಟ್ಟಡಕ್ಕೆ ಹೋಗುತ್ತದೆ. ಇರುವುದನ್ನು ರಿಪೇರಿ ಮಾಡಿ ಬಳಸುವುದು ಶ್ರೀಮಂತರ ಶೋಕಿಯಲ್ಲ. ಅದು ನಮ್ಮ ಮನೆಗಳ ಅಭ್ಯಾಸ. ಅಮ್ಮಿ ಹಳೆಯ ಪ್ರೆಷರ್ ಕುಕ್ಕರ್‌ಗೆ ಎಷ್ಟು ಸಲ ಗ್ಯಾಸ್ಕೆಟ್ ಬದಲಿಸಿದ್ದಾರೋ ಲೆಕ್ಕವಿಲ್ಲ. ಕುಕ್ಕರ್ ಸೀಟಿ ಹೊಡೆಯುತ್ತಲೇ ಇದೆ.

ಎಲ್ಲ ಹಳೆಯ ಕಟ್ಟಡವನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಕೆಲವು ನಿಜವಾಗಿಯೂ ಮುಗಿದಿರುತ್ತವೆ. ಗುಜರಿ ಬೆಲೆ ಎಂಬ ಪದ ಪಾಠದಲ್ಲಿ ಸುಮ್ಮನೆ ಇಲ್ಲ. ನಾನು ಕೇಳುವುದು ಇಷ್ಟೇ. ಕೆಡವುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಎಲ್ಲರೂ ಓದುವಂತೆ ಬರೆಯಿರಿ. ಈ ಕಟ್ಟಡ ಇನ್ನೂ ಏನು ಕೆಲಸ ಮಾಡಬಲ್ಲದು? ದುರಸ್ತಿಗೆ ಎಷ್ಟು, ಹೊಸದಕ್ಕೆ ಎಷ್ಟು, ಮತ್ತು ಹೊಸದರ ಅಂದಾಜು ಎರಡು ಪಟ್ಟಾದರೆ ಎಷ್ಟು? ಬೇರೆ ಜಾಗದಲ್ಲಿ ಕಟ್ಟಲು ಸಾಧ್ಯವೇ? ಇದರಿಂದ ಯಾರ ಮನೆ, ಯಾರ ಅಂಗಡಿ ಹೋಗುತ್ತದೆ? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಕೆಡವಿದರೆ ನಾನೂ ಒಪ್ಪುತ್ತೇನೆ. ನಮ್ಮಲ್ಲಿ ಕೆಲವರು ನಾಳೆ ಲೆಕ್ಕಪರಿಶೋಧಕರಾಗುತ್ತೀರಿ, ಕೆಲವರು ಎಂಜಿನಿಯರ್, ಕೆಲವರು ಸರ್ಕಾರಿ ಕಚೇರಿಯಲ್ಲಿ ಕಡತಕ್ಕೆ ಸಹಿ ಹಾಕುವವರು. ಆ ದಿನ ಈ ಪ್ರಶ್ನೆಗಳು ನಿಮ್ಮ ನೆನಪಿಗೆ ಬಂದರೆ ಸಾಕು.

ನಮ್ಮ ಊರಿನಲ್ಲಿ ಒಂದು ನೀರಿನ ಟ್ಯಾಂಕ್ ಇದೆ. ಅದರ ಸೆಂಟ್ರಿಂಗ್ ದಾದಾ ಮತ್ತು ಅವರ ಜೊತೆಗಾರರು ಮಾಡಿದ್ದು. ಫಲಕದಲ್ಲಿ ಉದ್ಘಾಟಿಸಿದವರ ಹೆಸರಿದೆ, ದಾದಾರ ಹೆಸರಿಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಕಾಂಕ್ರೀಟಿನ ಮೇಲೆ ಹಲಗೆಯ ಗೆರೆಗಳು ಇನ್ನೂ ಕಾಣುತ್ತವೆ. ಕಳೆದ ವಾರ ದಾದಾ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. "ಈ ಹಲಗೆ ಸ್ವಲ್ಪ ಸೊಟ್ಟಗಾಗಿತ್ತು" ಎಂದು ಒಂದು ಗೆರೆಯ ಮೇಲೆ ಬೆರಳಿಟ್ಟು ನಕ್ಕರು. ಆ ಟ್ಯಾಂಕಿನಿಂದ ನಮ್ಮ ಬೀದಿಗೆ ಈಗಲೂ ದಿನ ಬಿಟ್ಟು ದಿನ ನೀರು ಬರುತ್ತದೆ.